ಹೊಳೆಯ ಕಾವಲಿಗೆ ಗಾಳಗಾರರು: ಅಕ್ರಮ ಮೀನುಗಾರಿಕೆ ತಡೆಯಲು ಗ್ರಾಮ ಪಂಚಾಯಿತಿ ಮಾಡಬಹುದಾದ ಒಂದು ವ್ಯವಸ್ಥೆ

ಸಂಕ್ರಾಂತಿ ಕಳೆದು ಹೊಳೆಯ ಹರಿವು ಇಳಿಯತೊಡಗಿದಂತೆ ಮೀನುಗಳು ಆಳವಾದ ಮಡುಗಳಿಗೆ ಸರಿಯುತ್ತವೆ. ಮಳೆಗಾಲದಲ್ಲಿ ಹೊಳೆಯ ಉದ್ದಕ್ಕೂ ಹರಡಿಕೊಂಡಿದ್ದ ಮತ್ಸ್ಯಸಂಕುಲವು ಮಾರ್ಚ್, ಏಪ್ರಿಲ್ ತಿಂಗಳ ವೇಳೆಗೆ ಕೆಲವೇ ಮಡುಗಳಲ್ಲಿ ಒತ್ತೊತ್ತಾಗಿ ಸೇರಿರುತ್ತದೆ. ಮುಂದಿನ ಮುಂಗಾರಿನಲ್ಲಿ ಮೊಟ್ಟೆಯಿಡಬೇಕಾದ ತಾಯಿಮೀನುಗಳೂ ಅಲ್ಲಿಯೇ ಇರುತ್ತವೆ. ಜಿಲೆಟಿನ್ ಕಡ್ಡಿ ಸಿಡಿಸುವವರು, ನೀರಿಗೆ ವಿಷ ಬೆರೆಸುವವರು, ತಂತಿ ಎಳೆದು ವಿದ್ಯುತ್ ಹರಿಸುವವರು ಹೊಳೆಗೆ ಇಳಿಯುವುದೂ ಇದೇ ಕಾಲದಲ್ಲಿ. ಸ್ಫೋಟದ ಸದ್ದು ಊರಿಗೆಲ್ಲ ಕೇಳಿಸಿರುತ್ತದೆ. ಆದರೆ ಕಂಡವರು ಯಾರೂ ಇರುವುದಿಲ್ಲ. ವಿಷಯವು ಗ್ರಾಮ ಪಂಚಾಯಿತಿಯ ಮುಂದೆ ಬರುವುದು ಬಹುಮಟ್ಟಿಗೆ ಸತ್ತ ಮೀನು ತೇಲಿ, ನೀರು ನಾರತೊಡಗಿದ ಬಳಿಕವೇ.

ಆ ವೇಳೆಗೆ ಇಲಾಖೆಯ ಅಧಿಕಾರಿಗಳು ಬಂದರೂ ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿರುವ ಬೆರಳೆಣಿಕೆಯ ಸಿಬ್ಬಂದಿ ಇಡೀ ತಾಲ್ಲೂಕಿನ ಹೊಳೆ, ಕೆರೆ, ನಾಲೆಗಳನ್ನು ಹಗಲಿರುಳು ಕಾಯುವುದು ಸಾಧ್ಯವಿಲ್ಲ. ಆದರೆ ಹೊಳೆಯ ದಂಡೆಯಲ್ಲಿ ನಸುಕಿನಿಂದಲೇ ಗಾಳ ಹಿಡಿದು ಕುಳಿತಿರುವ ಜನರು ಪ್ರತಿ ಊರಿನಲ್ಲಿಯೂ ಇದ್ದಾರೆ. ಯಾವ ಮಡುವಿನಲ್ಲಿ ಯಾವ ಮೀನಿದೆ, ನಿನ್ನೆ ರಾತ್ರಿ ಯಾರ ಬೈಕು ದಂಡೆಗೆ ಇಳಿದಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಈ ಗಾಳಗಾರರನ್ನು ಒಂದು ಗುಂಪಾಗಿ ಸೇರಿಸಿ, ಹೊಳೆಯ ಕಾವಲಿಗೆ ಅವರನ್ನು ಹೇಗೆ ಬಳಸಿಕೊಳ್ಳಬಹುದು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಅಕ್ರಮ ಎಂದರೆ ಯಾವುದು

ಈ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳದೆ ಗುಂಪು ಕಟ್ಟಿದರೆ ಬಡವರ ಮೇಲೆ ದಬ್ಬಾಳಿಕೆ ನಡೆಸಲು ಅದೊಂದು ಸಾಧನವಾಗಿಬಿಡುವ ಅಪಾಯವಿದೆ. ಸಾರಿಗೆಂದು ಸಂಜೆ ನಾಲ್ಕು ಮೀನು ಹಿಡಿಯುವ ಕೂಲಿಕಾರನೂ, ತಲೆಮಾರುಗಳಿಂದ ತೆಪ್ಪ ಹಾಕಿ ಬಲೆ ಬೀಸುತ್ತಿರುವ ಬೆಸ್ತರ ಮನೆಯವರೂ ಈ ವ್ಯವಸ್ಥೆಯ ಗುರಿಯಲ್ಲ. ಗುರಿಯಿರುವುದು ಸ್ಫೋಟಕ, ವಿಷ ಮತ್ತು ವಿದ್ಯುತ್ ಬಳಸಿ ಹೊಳೆಯನ್ನೇ ಕೊಲ್ಲುವ ವಿಧಾನಗಳ ಮೇಲೆ.

ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ಬ್ರಿಟಿಷರ ಆಳ್ವಿಕೆಯ ಭಾರತೀಯ ಮೀನುಗಾರಿಕೆ ಅಧಿನಿಯಮ, 1897ರಲ್ಲಿಯೇ ಅಪರಾಧವೆಂದು ಘೋಷಿಸಲಾಗಿತ್ತು. ಆ ಕಾಲದಲ್ಲಿ ಅದಕ್ಕೆ ವಿಧಿಸಿದ್ದ ದಂಡದ ಮಿತಿ 200 ರೂಪಾಯಿ. ಅಂದಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ ಈಗ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996 ಇದೆ. ಇದಲ್ಲದೆ ಪರವಾನಗಿಯಿಲ್ಲದೆ ಜಿಲೆಟಿನ್ ಕಡ್ಡಿ, ಡಿಟೊನೇಟರ್ ಇಟ್ಟುಕೊಳ್ಳುವುದು ಸ್ಫೋಟಕಗಳ ಕಾಯ್ದೆಗಳಡಿ ಪ್ರತ್ಯೇಕ ಅಪರಾಧ. ಕಂಬದ ತಂತಿಗೆ ಕೊಕ್ಕೆ ಹಾಕಿ ನೀರಿಗೆ ಕರೆಂಟ್ ಬಿಡುವುದು ವಿದ್ಯುತ್ ಕಾಯ್ದೆ, 2003ರಡಿ ವಿದ್ಯುತ್ ಕಳ್ಳತನವೂ ಆಗುತ್ತದೆ. ಹೊಳೆಯು ವನ್ಯಜೀವಿಧಾಮ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಹರಿಯುತ್ತಿದ್ದರೆ ಅಲ್ಲಿ ಅರಣ್ಯ ಇಲಾಖೆಯ ಅಧಿಕಾರವೇ ಅಂತಿಮ.

ಇನ್ನುಳಿದದ್ದು ಅಷ್ಟು ಸರಳವಲ್ಲ. ಯಾವ ಭಾಗದ ಮೀನುಗಾರಿಕೆ ಹಕ್ಕು ಯಾವ ಸಹಕಾರ ಸಂಘಕ್ಕೆ ಗುತ್ತಿಗೆಯಾಗಿದೆ, ಎಲ್ಲಿ ಪರವಾನಗಿ ಬೇಕು, ಬಲೆಯ ಕಣ್ಣಿನ ಅಳತೆ ಎಷ್ಟಿರಬೇಕು ಎಂಬಿವು ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುತ್ತವೆ. ಆದುದರಿಂದ ಪಂಚಾಯಿತಿಯ ಮೊದಲ ಕೆಲಸವೆಂದರೆ ತನ್ನ ವ್ಯಾಪ್ತಿಯ ಹೊಳೆಯ ಬಗ್ಗೆ ಈ ವಿವರಗಳನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಂದ ಲಿಖಿತವಾಗಿ ಪಡೆಯುವುದು. ಆ ಒಂದು ಪತ್ರ ಕೈಯಲ್ಲಿದ್ದರೆ ಮುಂದಿನ ಅರ್ಧದಷ್ಟು ಜಗಳಗಳು ಹುಟ್ಟುವುದೇ ಇಲ್ಲ.

ಹಾನಿಯ ಬಗೆ

ಮೀನಿನ ಹೊಟ್ಟೆಯೊಳಗೆ ಅದನ್ನು ನೀರಿನಲ್ಲಿ ಸಮತೂಕವಾಗಿ ನಿಲ್ಲಿಸುವ ಗಾಳಿಚೀಲವಿರುತ್ತದೆ. ನೀರಿನಲ್ಲಿ ಸಿಡಿಮದ್ದು ಸಿಡಿದಾಗ ಉಂಟಾಗುವ ಒತ್ತಡದ ಅಲೆಗೆ ಈ ಚೀಲ ಒಡೆಯುತ್ತದೆ. ಚೀಲ ಒಡೆದ ಮೀನುಗಳಲ್ಲಿ ಬಹಳಷ್ಟು ತೇಲುವುದಿಲ್ಲ, ತಳಕ್ಕೆ ಮುಳುಗುತ್ತವೆ. ಅಂದರೆ ಸ್ಫೋಟಿಸಿದವನು ಬುಟ್ಟಿಗೆ ತುಂಬಿಕೊಂಡು ಹೋಗುವುದು ಕೊಂದದ್ದರಲ್ಲಿ ಒಂದು ಪಾಲನ್ನು ಮಾತ್ರ. ಉಳಿದದ್ದು ತಳದಲ್ಲಿ ಕೊಳೆತು ಮಡುವಿನ ನೀರನ್ನೇ ಕೆಡಿಸುತ್ತದೆ. ಮರಿಗಳು, ಮೀನಿಗೆ ಆಹಾರವಾಗುವ ಸಣ್ಣ ಜೀವಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಕೈಯಲ್ಲಿಯೇ ಕಡ್ಡಿ ಸಿಡಿದು ಬೆರಳು, ಮುಂಗೈ ಕಳೆದುಕೊಂಡವರು ಹೊಳೆಸಾಲಿನ ಊರುಗಳಲ್ಲಿ ಅಪರೂಪವಲ್ಲ.

ವಿಷದ ಮಾತು ಇನ್ನೂ ಗಂಭೀರ. ಹಿಂದೆ ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. ಅದೂ ಮೀನಿಗೆ ಕೇಡೇ. ಈಗ ಆ ಜಾಗಕ್ಕೆ ಬ್ಲೀಚಿಂಗ್ ಪುಡಿ, ಮೈಲುತುತ್ತ, ತೋಟಕ್ಕೆ ಸಿಂಪಡಿಸುವ ಕೀಟನಾಶಕಗಳು ಬಂದಿವೆ. ಬೇಸಿಗೆಯ ತೆಳುವಾದ ಹರಿವಿನಲ್ಲಿ ಈ ವಿಷ ಬೇಗ ತಿಳಿಯಾಗುವುದಿಲ್ಲ. ಅದೇ ಹೊಳೆಯ ಕೆಳಭಾಗದಲ್ಲಿ ಯಾವುದೋ ಪಂಚಾಯಿತಿಯ ಕುಡಿಯುವ ನೀರಿನ ಜಾಕ್‌ವೆಲ್ ಇರುತ್ತದೆ, ದನಕರು ನೀರು ಕುಡಿಯುವ ಕಡವು ಇರುತ್ತದೆ. ಅಂತಹ ಮೀನು ಸಂತೆಗೆ ಹೋಗಿ ಅಡುಗೆಮನೆಗೂ ಸೇರುತ್ತದೆ. ಇದನ್ನು ಮೀನಿನ ಪ್ರಶ್ನೆ ಎಂದು ಬದಿಗಿಡುವ ಸದಸ್ಯರಿಗೆ ಇದು ಕುಡಿಯುವ ನೀರಿನ ಪ್ರಶ್ನೆಯೂ ಹೌದೆಂದು ತಿಳಿಸಬೇಕಾಗುತ್ತದೆ.

ಕಾವೇರಿ ದಂಡೆಯ ಅನುಭವ

ಗಾಳಗಾರರಿಂದ ಹೊಳೆ ಕಾಯಿಸುವ ಯೋಚನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಕಾವೇರಿ ಮತ್ತು ಕಬಿನಿ ನದಿಗಳು ಮಹಸೀರ್ ಮೀನಿಗೆ ಹಿಂದಿನಿಂದಲೂ ಪ್ರಸಿದ್ಧ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಿಡಿಮದ್ದಿನ ಹಾವಳಿ ಹೆಚ್ಚಿ ದೊಡ್ಡ ಮೀನುಗಳು ವಿರಳವಾದಾಗ, 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಗಾಳಗಾರರ ಸಂಘವು ಶಿವನಸಮುದ್ರದ ಕೆಳಗಿನ ಕಾವೇರಿಯ ಒಂದು ಭಾಗವನ್ನು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯು ವಾಲ್ನೂರು ಸುತ್ತಲಿನ ಕಾವೇರಿಯಲ್ಲಿ ಇಂತಹದೇ ಪ್ರಯತ್ನ ನಡೆಸಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಸರ್ಕಾರದ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳದ ಶಿಬಿರಗಳು ನಡೆದವು. ಗಾಳಕ್ಕೆ ಸಿಕ್ಕ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿಯ ಕಟ್ಟುನಿಟ್ಟಿನ ನಿಯಮವಾಗಿತ್ತು.

ಆ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ ಕಾವಲುಗಾರರಾಗಿ, ಗಾಳಗಾರರಿಗೆ ದಾರಿ ತೋರಿಸುವವರಾಗಿ ನೇಮಕಗೊಂಡವರಲ್ಲಿ ಹಿಂದೆ ತಾವೇ ಹೊಳೆಯಲ್ಲಿ ಅಕ್ರಮವಾಗಿ ಮೀನು ಹಿಡಿಯುತ್ತಿದ್ದವರೂ ಇದ್ದರು. ಗಾಳಕ್ಕೆ ರಾಗಿ ಮುದ್ದೆಯ ಉಂಡೆ ಯಾವ ಹದದಲ್ಲಿರಬೇಕು, ಮೀನು ಯಾವ ಬಂಡೆಯ ಮರೆಯಲ್ಲಿ ನಿಲ್ಲುತ್ತದೆ ಎಂಬ ವಿದ್ಯೆ ಅವರದು. ಸಿಡಿಮದ್ದು ಹಾಕಿ ಒಂದು ದಿನ ಗಳಿಸುತ್ತಿದ್ದುದಕ್ಕಿಂತ, ಜೀವಂತ ಮೀನಿರುವ ಹೊಳೆಯಿಂದ ತಿಂಗಳು ತಿಂಗಳು ಬರುವ ಕೂಲಿ ಅವರಿಗೆ ಲಾಭದಾಯಕವಾಯಿತು. ಕಾಯ್ದೆಯ ಭಯವೊಂದರಿಂದಲೇ ಇಷ್ಟು ಬದಲಾವಣೆ ಸಾಧ್ಯವಾಗುತ್ತಿರಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಅಲ್ಲಿ ಬರೆದಿಟ್ಟ ಪುಸ್ತಕಗಳಿಂದ ಇನ್ನೊಂದು ಪ್ರಯೋಜನವೂ ಆಯಿತು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಸಿಕ್ಕು ಮರಳಿ ನೀರು ಸೇರಿದ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನಿನ ಒಟ್ಟು ಸಂಖ್ಯೆ ಹೆಚ್ಚಿದ್ದುದು ನಿಜ. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಸೀರ್. ಕಾವೇರಿಗೇ ವಿಶಿಷ್ಟವಾದ, ಬೆನ್ನು ಉಬ್ಬಿದ ದೈತ್ಯ ಮಹಸೀರ್ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿತ್ತು. ನೀಲಿ ರೆಕ್ಕೆಯದು ಕಾವೇರಿಯ ಮೂಲ ತಳಿಯಲ್ಲ. ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಮರಿಕೇಂದ್ರಗಳಿಂದ ತಂದು ಬಿಟ್ಟದ್ದು. ಉಬ್ಬು ಬೆನ್ನಿನ ಮಹಸೀರ್ 2018ರಲ್ಲಿ ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಜೀವಿ ಎಂದು ಸೇರ್ಪಡೆಯಾಯಿತು. ಗಾಳಗಾರರು ಮೀನನ್ನು ಬರೆದಿಡದೇ ಇದ್ದಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿತ್ತೇ ಎಂಬುದು ಅನುಮಾನ. ಆದುದರಿಂದ ಪಂಚಾಯಿತಿಯ ಗುಂಪು ಉತ್ಸಾಹದಿಂದ ಎಲ್ಲಿಂದಲೋ ಮರಿ ತಂದು ಹೊಳೆಗೆ ಬಿಡುವ ಕಾರ್ಯಕ್ರಮ ಇಟ್ಟುಕೊಳ್ಳುವುದಾದರೆ ಇಲಾಖೆಯ ಅನುಮತಿಯಿಲ್ಲದೆ ಮಾಡಕೂಡದು. ಸಾಕಣೆಯೇ ನಿಷೇಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮರಿಗಳು ಈ ದಾರಿಯಲ್ಲಿ ಹೊಳೆ ಸೇರದಂತೆ ವಿಶೇಷವಾಗಿ ನೋಡಿಕೊಳ್ಳಬೇಕು.

ಕಾವೇರಿಯ ಆ ಭಾಗ ವನ್ಯಜೀವಿಧಾಮಕ್ಕೆ ಸೇರಿದ್ದು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ಅಲ್ಲಿ ಗಾಳ ಹಾಕುವಂತಿಲ್ಲವೆಂಬ ನಿಲುವಿನಿಂದ 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳದ ಕ್ರೀಡೆ ನಿಂತಿತು. ಗಾಳಗಾರರು ಹೋದ ಮೇಲೆ ಹೊಳೆಯ ಮೇಲಿನ ಕಣ್ಣುಗಳೂ ಹೋದವೆಂದು ಗಾಳಗಾರರ ಸಂಘಗಳ ವಾದ. ವನ್ಯಜೀವಿಧಾಮದಲ್ಲಿ ಕ್ರೀಡೆಗಾಗಿಯೂ ಪ್ರಾಣಿಯನ್ನು ಹಿಡಿಯಕೂಡದೆಂದು ಇನ್ನೊಂದು ಪಕ್ಷದ ವಾದ. ಈ ಚರ್ಚೆಯ ತೀರ್ಮಾನ ಪಂಚಾಯಿತಿಯ ಕೈಯಲ್ಲಿಲ್ಲ. ನಮಗೆ ಇದರಿಂದ ತಿಳಿಯುವುದಿಷ್ಟೇ: ಹೊರಗಿನಿಂದ ಬರುವ ಹವ್ಯಾಸಿಗಳನ್ನೇ ನೆಚ್ಚಿದ ಕಾವಲು ಅವರು ಬರುವವರೆಗೆ ಮಾತ್ರ ಇರುತ್ತದೆ. ಗುಂಪಿನ ಬೇರು ಊರಿನಲ್ಲಿಯೇ ಇರಬೇಕು.

ಶಿಶಿಲದಲ್ಲಿ ನಡೆದದ್ದು

ಊರಿನ ಭಕ್ತಿಯೇ ಹೊಳೆಯನ್ನು ಕಾಯ್ದಿರುವ ಸ್ಥಳಗಳೂ ನಮ್ಮಲ್ಲಿ ಹಲವಿವೆ. ಶೃಂಗೇರಿಯ ತುಂಗಾ ತೀರ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿ, ಇಲ್ಲೆಲ್ಲ ಮೀನು ದೇವರ ಮೀನು. ಅದಕ್ಕೆ ಅಕ್ಕಿ, ಮಂಡಕ್ಕಿ ಹಾಕುವುದುಂಟು, ಹಿಡಿಯುವುದಿಲ್ಲ. ಆದರೆ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿದ್ದರಿಂದ ಸಾವಿರಾರು ಮಹಸೀರ್‌ಗಳು ಸತ್ತವು. ಆ ಮೀನುಗಳ ನೆನಪಿಗೆ ಊರಿನವರು ಸ್ಮಾರಕವನ್ನೇ ಕಟ್ಟಿದ್ದಾರೆ. ದೇವಸ್ಥಾನದ ಎದುರಿನ ಮಡುವಿನಲ್ಲಿ, ಭಕ್ತರು ದಿನವೂ ಬಂದುಹೋಗುವ ಸ್ಥಳದಲ್ಲಿಯೇ ಹೀಗಾಗಬಹುದಾದರೆ ಯಾರೂ ನೋಡದ ಮಡುವಿನ ಗತಿಯನ್ನು ಊಹಿಸಬಹುದು. ಹಗಲಿನ ಭಕ್ತಿಯ ಜೊತೆಗೆ ರಾತ್ರಿಯ ಎಚ್ಚರವೂ ಬೇಕಾಗುತ್ತದೆ.

ಗುಂಪನ್ನು ಕಟ್ಟುವ ಬಗೆ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಸಾಲಿನಲ್ಲಿ ಮೀನುಗಾರಿಕೆ 5ನೆಯದು. ಜೈವಿಕ ವೈವಿಧ್ಯ ಅಧಿನಿಯಮ, 2002ರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಈ ಸಮಿತಿ ಕಾಗದದಲ್ಲಿದೆ, ಸಭೆ ನಡೆಯುವುದಿಲ್ಲ ಎಂಬುದು ಸದಸ್ಯರಿಗೆ ಗೊತ್ತಿರುವ ವಿಷಯವೇ. ಗಾಳಗಾರರ ಗುಂಪಿಗೆ ಹೊಸ ಸಂಘ ನೋಂದಾಯಿಸುವ ಬದಲು ಅದನ್ನು ಈ ಸಮಿತಿಯ ಆಶ್ರಯದಲ್ಲಿ ಗ್ರಾಮಸಭೆಯ ನಿರ್ಣಯದ ಮೂಲಕ ರಚಿಸುವುದು ಸುಲಭ. ಗುಂಪು ಬರೆದಿಡುವ ಮೀನಿನ ವಿವರವು ಜನತಾ ಜೀವವೈವಿಧ್ಯ ದಾಖಲಾತಿಗೂ ಒದಗುತ್ತದೆ.

ಯಾರನ್ನು ಸೇರಿಸಬೇಕು? ಮೀನುಗಾರರ ಸಹಕಾರ ಸಂಘದ ಪ್ರತಿನಿಧಿಯನ್ನು ಮೊದಲು ಕರೆಯಬೇಕು. ಗುತ್ತಿಗೆ ಹಣ ಕಟ್ಟಿರುವವರು ಅವರು. ವಿಷ ಬಿದ್ದರೆ ಮೊದಲು ನಷ್ಟವಾಗುವುದೂ ಅವರಿಗೇ. ಅವರನ್ನು ಬಿಟ್ಟು ಹವ್ಯಾಸಿಗಳ ಗುಂಪು ಕಟ್ಟಿದರೆ ಹೊಳೆ ಯಾರದೆಂಬ ಜಗಳ ಆರಂಭವಾಗುತ್ತದೆ. ನಂತರ ಊರಿನ ಗಾಳಗಾರರು, ವಾರಾಂತ್ಯಕ್ಕೆ ನಗರದಿಂದ ಕಾರಿನಲ್ಲಿ ಬರುವ ಹವ್ಯಾಸಿಗಳಲ್ಲಿ ನಂಬಿಕಸ್ಥರಾದ ಕೆಲವರು. ಇವರ ಬಳಿ ಒಳ್ಳೆಯ ಕ್ಯಾಮೆರಾ, ಮೊಬೈಲ್ ಇರುತ್ತದೆ. ದಂಡೆಯಲ್ಲಿ ಬಾಟಲಿ, ತಂಗೂಸು ದಾರ ಎಸೆದು ಹೋಗುವ ಚಾಳಿಯೂ ಕೆಲವರಿಗಿರುತ್ತದೆ, ಅದನ್ನು ಮೊದಲ ದಿನವೇ ತಿದ್ದಬೇಕು. ಬಟ್ಟೆ ಒಗೆಯಲು, ದನ ಮೇಯಿಸಲು ದಿನವೂ ಹೊಳೆಗೆ ಬರುವ ಮಹಿಳೆಯರು ಗಾಳ ಹಿಡಿಯದಿದ್ದರೂ ಗುಂಪಿನಲ್ಲಿರಬೇಕು. ನೀರಿನ ಬಣ್ಣ, ವಾಸನೆ ಬದಲಾದುದನ್ನು ಅವರಷ್ಟು ಬೇಗ ಗುರುತಿಸುವವರು ಕಡಿಮೆ.

ಹಿಂದೆ ಸಿಡಿಮದ್ದು ಹಾಕುತ್ತಿದ್ದವನನ್ನು ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಖಂಡಿತ ಏಳುತ್ತದೆ. ಕಾವೇರಿಯ ಅನುಭವ ನೋಡಿದರೆ ಸೇರಿಸಿಕೊಳ್ಳುವುದೇ ಮೇಲು. ಆದರೆ ಅವನಿಗೆ ಬರಿಯ ಉಪದೇಶ ಸಾಲದು. ಗುತ್ತಿಗೆ ಪಡೆದ ಸಂಘದಲ್ಲಿ ಕಾವಲಿನ ಕೂಲಿಯೋ, ಕೆರೆ ಮೀನು ಸಾಕಣೆಯಲ್ಲಿ ಪಾಲೋ, ಯಾವುದಾದರೊಂದು ಆದಾಯದ ದಾರಿ ತೋರಿಸಬೇಕಾಗುತ್ತದೆ.

ನೋಡು, ಬರೆ, ತಿಳಿಸು

ಗುಂಪಿನ ಅಧಿಕಾರದ ಮಿತಿಯನ್ನು ನಿರ್ಣಯದಲ್ಲಿಯೇ ಸ್ಪಷ್ಟವಾಗಿ ಬರೆಯತಕ್ಕದ್ದು. ಇಂಗ್ಲೆಂಡಿನಲ್ಲಿ ಗಾಳಗಾರರ ರಾಷ್ಟ್ರೀಯ ಸಂಸ್ಥೆಯು ಅಲ್ಲಿನ ಪರಿಸರ ಇಲಾಖೆಯ ಜೊತೆಗೂಡಿ ಸ್ವಯಂಸೇವಕ ಕಾವಲುಗಾರರಿಗೆ ತರಬೇತಿ ನೀಡುತ್ತದೆ. ಆ ಸ್ವಯಂಸೇವಕರಿಗೆ ಬಂಧಿಸುವ ಅಧಿಕಾರವಿಲ್ಲ. ಕಂಡದ್ದನ್ನು ಗಮನಿಸಿ, ಬರೆದುಕೊಂಡು, ಅಧಿಕಾರಿಗಳಿಗೆ ವರದಿ ಮಾಡುವುದಷ್ಟೇ ಅವರ ಕೆಲಸ. ನಮ್ಮಲ್ಲಿಯೂ ಇದೇ ಸರಿ. ಗುಂಪಿನವರು ಯಾರನ್ನೂ ಅಡ್ಡಗಟ್ಟುವಂತಿಲ್ಲ, ಬಲೆ ಕಿತ್ತುಕೊಳ್ಳುವಂತಿಲ್ಲ, ದಂಡ ವಸೂಲು ಮಾಡುವಂತಿಲ್ಲ. ಕೈಯಲ್ಲಿ ಸ್ಫೋಟಕವಿರುವವನ ಬಳಿಗೆ ರಾತ್ರಿ ಹೋಗಿ ಮಾತಿಗೆ ನಿಲ್ಲುವುದು ಶೌರ್ಯವಲ್ಲ. ಸಿಡಿಯದೆ ಬಿದ್ದಿರುವ ಕಡ್ಡಿಯನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ನೀರಿಗೆ ತಂತಿ ಇಳಿದಿರುವುದು ಕಂಡರೆ ಹೊಳೆಗೆ ಇಳಿಯದೆ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಮೊದಲು ಹೇಳಿ ಲೈನ್ ನಿಲ್ಲಿಸಬೇಕು.

ವರದಿಯಲ್ಲಿ ಮಡುವಿನ ಹೆಸರು, ದಿನಾಂಕ, ಗಂಟೆ, ಕೇಳಿದ ಸದ್ದುಗಳ ಸಂಖ್ಯೆ, ವಾಹನದ ಸಂಖ್ಯೆ, ಬಳಸಿದ ಸಾಧನ, ಸಾಧ್ಯವಿದ್ದರೆ ದೂರದಿಂದ ತೆಗೆದ ಚಿತ್ರ ಇರಲಿ. "ಯಾರೋ ಮದ್ದು ಹಾಕಿದ್ದಾರೆ" ಎಂಬ ಒಂದು ಸಾಲಿನ ದೂರಿನಿಂದ ಯಾವ ಅಧಿಕಾರಿಯೂ ಮುಂದುವರಿಯಲಾರ. ಘಟನೆ ನಡೆಯುತ್ತಿರುವಾಗಲೇ ಆದರೆ 112ಕ್ಕೆ ಕರೆ ಮಾಡಬೇಕು. ಮರುದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಪೊಲೀಸ್ ಠಾಣೆಗೂ ಮೀನುಗಾರಿಕೆ ಇಲಾಖೆಗೂ ಲಿಖಿತ ದೂರು ಹೋಗಬೇಕು. ದೂರುದಾರನ ಹೆಸರಿನ ಬದಲು ಪಂಚಾಯಿತಿಯ ಹೆಸರಿನಲ್ಲಿ ದೂರು ಹೋಗುವುದು ಬಹಳ ಮುಖ್ಯ. ಅಕ್ರಮ ಎಸಗಿದವನು ಹಲವು ಬಾರಿ ಅದೇ ಊರಿನವನು, ಕೆಲವೊಮ್ಮೆ ಸದಸ್ಯರ ನೆಂಟನೂ ಆಗಿರುತ್ತಾನೆ. ಒಬ್ಬ ಗಾಳಗಾರನು ಒಂಟಿಯಾಗಿ ಆ ವೈರವನ್ನು ಹೊರಲಾರ.

ವಿಷ ಬಿದ್ದಿರುವ ಅನುಮಾನ ಬಂದ ಕ್ಷಣ ದೂರಿಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹೊಳೆಯ ಕೆಳಭಾಗದ ಪಂಚಾಯಿತಿಗಳ ನೀರಗಂಟಿಗಳಿಗೆ ದೂರವಾಣಿ ಮೂಲಕ ತಿಳಿಸಿ ಪಂಪ್ ನಿಲ್ಲಿಸಬೇಕು, ದನಕರು ಹೊಳೆಗೆ ಇಳಿಯದಂತೆ ಡಂಗುರ ಹಾಕಿಸಬೇಕು, ತೇಲಿದ ಮೀನನ್ನು ಯಾರೂ ಮನೆಗೆ ಒಯ್ಯದಂತೆ ಹೇಳಬೇಕು. ಪರೀಕ್ಷೆಗಾಗಿ ನೀರಿನ ಮಾದರಿಯನ್ನು ಶುದ್ಧವಾದ ಬಾಟಲಿಯಲ್ಲಿ ಆದಷ್ಟು ಬೇಗ ತೆಗೆದಿಡಬೇಕು. ತಡವಾದರೆ ವಿಷ ಹರಿದುಹೋಗಿರುತ್ತದೆ. ಹೀಗಾಗಿ ಒಂದೇ ಹೊಳೆಯ ಸಾಲಿನಲ್ಲಿರುವ ಎಲ್ಲ ಪಂಚಾಯಿತಿಗಳ ನೀರಗಂಟಿಗಳ ದೂರವಾಣಿ ಸಂಖ್ಯೆಗಳು ಗುಂಪಿನ ಪುಸ್ತಕದ ಮೊದಲ ಪುಟದಲ್ಲಿಯೇ ಇರಬೇಕು.

ಇನ್ನೊಂದು ಕೆಲಸವನ್ನು ಗಾಳಗಾರರು ಮಾಡಲಾರರು, ಪಂಚಾಯಿತಿಯೇ ಮಾಡಬೇಕು. ಜಿಲೆಟಿನ್ ಕಡ್ಡಿ ಹೊಳೆಯಲ್ಲಿ ಹುಟ್ಟುವುದಿಲ್ಲ. ಅದು ಕಲ್ಲುಕ್ವಾರಿಯಿಂದ ಅಥವಾ ಬಾವಿ ತೋಡುವ ಕೆಲಸದಿಂದ ಸೋರಿ ಬರುತ್ತದೆ. ಪರವಾನಗಿದಾರರು ಸ್ಫೋಟಕದ ದಾಸ್ತಾನು ಮತ್ತು ಬಳಕೆಯ ಲೆಕ್ಕ ಇಡಬೇಕೆಂಬ ನಿಯಮವಿದೆ. ತನ್ನ ವ್ಯಾಪ್ತಿಯಲ್ಲಿ ಸ್ಫೋಟದ ಘಟನೆ ನಡೆದಾಗಲೆಲ್ಲ ಸಮೀಪದ ಕ್ವಾರಿಗಳ ಲೆಕ್ಕ ತಪಾಸಣೆ ಮಾಡುವಂತೆ ಕೋರಿ ಪಂಚಾಯಿತಿಯು ಪೊಲೀಸ್ ಮತ್ತು ಗಣಿ ಇಲಾಖೆಗಳಿಗೆ ಪತ್ರ ಬರೆಯಬಹುದು. ಕ್ವಾರಿ ನಡೆಸುವವರು ಪ್ರಭಾವಿಗಳಾಗಿರುವ ಕಡೆ ಈ ಪತ್ರ ಬರೆಯುವುದು ಸುಲಭವಲ್ಲವೆಂಬುದನ್ನೂ ಒಪ್ಪಬೇಕು. ಸಾಮಾನ್ಯ ಸಭೆಯ ನಿರ್ಣಯವಾಗಿ ಹೋದರೆ ಅದು ಯಾರೊಬ್ಬರ ಮೇಲೂ ಬೀಳುವುದಿಲ್ಲ.

ವೆಚ್ಚ ಮತ್ತು ವೇಳೆ

ಈ ವ್ಯವಸ್ಥೆಗೆ ಬೇಕಾಗುವ ಹಣ ಅಲ್ಪ: ಒಂದು ದಾಖಲೆ ಪುಸ್ತಕ, ನಾಲ್ಕಾರು ಟಾರ್ಚು, ಮಡುಗಳ ಬಳಿ ಎಚ್ಚರಿಕೆಯ ಫಲಕ. ಗುಂಪಿನ ಹೆಸರಿನಲ್ಲಿ ಗಾಳ ಹಾಕುವವರಿಂದ ಶುಲ್ಕ ವಸೂಲಿ ಮಾಡುವ ಸಲಹೆ ಕೆಲವೆಡೆ ಬರಬಹುದು. ನದಿಯ ಮೀನುಗಾರಿಕೆ ಹಕ್ಕು ಪಂಚಾಯಿತಿಯದಲ್ಲದ ಕಾರಣ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಅದಕ್ಕೆ ಕೈಹಾಕಬಾರದು.

ಗುಂಪಿನ ಮೊದಲ ಸಭೆಯನ್ನು ಡಿಸೆಂಬರ್ ಕೊನೆಯೊಳಗೆ ಕರೆದು, ಬೇಸಿಗೆಯಲ್ಲಿ ನೀರು ಉಳಿಯುವ ಮಡುಗಳ ಪಟ್ಟಿಯನ್ನು ಹಿರಿಯ ಗಾಳಗಾರರಿಂದ ಕೇಳಿ ಬರೆದುಕೊಳ್ಳುವುದು ಸೂಕ್ತ. ಫೆಬ್ರವರಿಯಿಂದ ಮೇ ವರೆಗೆ ಆ ಮಡುಗಳೇ ಕಾವಲಿನ ಸ್ಥಳಗಳು. ಮೊದಲ ಮಳೆ ಬಿದ್ದ ಮೇಲೆ ಕೆಲಸದ ಜಾಗ ಬದಲಾಗುತ್ತದೆ. ಆಗ ಮೊಟ್ಟೆಯಿಡಲು ಹಳ್ಳ, ತೋಡು, ಗದ್ದೆಗಳ ಕಡೆಗೆ ಏರಿ ಬರುವ ಹತ್ತುಮೀನನ್ನು ಮೋರಿಯ ಬಾಯಿಯಲ್ಲಿಯೇ ಬಲೆ ಕಟ್ಟಿ ಪೂರ್ತಿ ಹಿಡಿಯುವ ರೂಢಿ ಮಲೆನಾಡಿನ ಹಲವು ಊರುಗಳಲ್ಲಿದೆ. ಇದು ವಿಷ, ಸಿಡಿಮದ್ದಿನಂತಹ ಅಪರಾಧವೆಂದು ನೋಡದೆ, ಮೋರಿಯ ಒಂದು ಬದಿಯನ್ನಾದರೂ ಮೀನಿಗೆ ಬಿಟ್ಟುಕೊಡುವಂತೆ ಊರಿನವರನ್ನು ಒಪ್ಪಿಸಬೇಕಾದ ವಿಷಯ. ಅದಕ್ಕೆ ಮೇ ತಿಂಗಳ ಗ್ರಾಮಸಭೆಯೇ ತಕ್ಕ ವೇಳೆ. ಮಳೆ ಹಿಡಿದ ಮೇಲೆ ಹೇಳಿದರೆ ಕೇಳಲು ಯಾರೂ ಮನೆಯಲ್ಲಿರುವುದಿಲ್ಲ.